ಏಕಾಕಿ ಶಿಶುಗಳ ಸಖ ರವೀಂದ್ರನಾಥರು

ಮಕ್ಕಳಿಗೆ ಬರುವ ದುಃಖಗಳಲ್ಲಿ ಹಸಿವೆ ನೀರಡಿಕೆಗಳು ಅಳುವಿನಿಂದ ತಿಳಿದುಬರುವವು. ಬಿದ್ದ ಪೆಟ್ಟು ಗಾಯದಿಂದ ತಿಳಿಯುವದು. ಜ್ವರವು ಮೈಮುಟ್ಟಿ ನೋಡಿದರೆ ತಿಳಿಯುವದು. ಆದರೆ ಒಂಟಿತನವೆಂಬ ದುಃಖಕ್ಕೆ ಇಂಥ ಹೊರಗುರುತು ಯಾವದೂ ಇಲ್ಲ. ಒಂಟಿಯಾದ ಮಗುವು ಬಹುಶಃ ಅಳುವದಿಲ್ಲ, ಹಟಮಾಡುವದಿಲ್ಲ. ಹೊಸ್ತಿಲಿನ ಮೇಲೆಯೋ ಕಿಟಕಿಯ ಬಳಿಯಲ್ಲಿಯೋ ಸುಮ್ಮನೆ ಕುಳಿತಿರುವದು. ಹಿರಿಯರು ಅದನ್ನು ಕಂಡು, ನಮ್ಮ ಮಗುವು ಎಷ್ಟು ಶಾಂತಸ್ವಭಾವದ್ದು ಎಂದು ನೆರೆಯವರ ಮುಂದೆ ಹೇಳಿಕೊಂಡು ಸಂತೋಷಪಡುವರು. ಆ ಶಾಂತತೆಯ ಒಳಗೆ ಏನಿದೆ ಎಂದು ಇಣಿಕಿ ನೋಡುವವರು ವಿರಳ. ಹಾಗೆ ಇಣಿಕಿ ನೋಡಿದ್ದಲ್ಲದೆ, ಆ ಮಗುವಿನ ಪಕ್ಕದಲ್ಲಿ ಕುಳಿತು ಆಯುಷ್ಯದುದ್ದಕ್ಕೂ ಕಥೆ ಹೇಳಿ, ಮುಪ್ಪಿನಲ್ಲಿ ತಮ್ಮ ಕೈಯಿಂದಲೇ ಚಿತ್ರಗಳನ್ನೂ ಬರೆದುಕೊಟ್ಟ ಒಬ್ಬ ಮಹನೀಯರ ವಿಷಯವನ್ನು ಈ ಸಲ ನಮ್ಮ ವಾಚಕ ಬಂಧುಭಗಿನಿಯರ ಮುಂದೆ ಇಡಬೇಕೆಂದಿರುವೆವು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ ತಾಲೂಕಿನಲ್ಲಿ ಮಂಜಗುಣಿಯೆಂಬ ಗ್ರಾಮವಿರುವದು. ಧಾರವಾಡದ ಸೀಮೆಯಲ್ಲಿ ಹುಟ್ಟಿ, ಬೇಡ್ತಿಯೆಂಬ ಹೆಸರಿನಿಂದ ಘಟ್ಟದ ಕಾಡುಗಳನ್ನು ಹಾಯ್ದು ಇಳಿದುಬರುವ ಹೊಳೆಯು, ಗಂಗಾವಳಿಯೆಂಬ ಹೆಸರನ್ನು ತಳೆದು ಇಲ್ಲಿಯೇ ಪಶ್ಚಿಮ ಸಮುದ್ರವನ್ನು ಕೂಡುವದು. ಈಚೆಯ ದಡದಲ್ಲಿ ಮಂಜಗುಣಿ, ಆಚೆಯ ದಡದಲ್ಲಿ ಗಂಗಾವಳಿ ಗ್ರಾಮ. ನಡುವೆ ಅಗಲವಾದ ಅಳಿವೆ. ಬಹುಕಾಲದವರೆಗೆ ದೋಣಿಯೊಂದೇ ಈ ಎರಡು ದಡಗಳನ್ನು ಕೂಡಿಸುವ ಸಾಧನವಾಗಿತ್ತು. ಇಂಥ ಅಳಿವೆಯ ಊರುಗಳಲ್ಲಿ ತಂದೆಯು ನಸುಕಿನಲ್ಲಿಯೇ ಎದ್ದು ಕಡಲಿಗೆ ಹೋಗುವನು. ಇಲ್ಲವೆ ಮುಂಬಯಿಯಲ್ಲಿಯೋ ಗೋವೆಯಲ್ಲಿಯೋ ದುಡಿಯುತ್ತ, ಹಬ್ಬಹುಣ್ಣಿವೆಗಳಲ್ಲಿ ಮಾತ್ರ ಮನೆಯ ಮುಖವನ್ನು ಕಾಣುವನು. ತಾಯಿಯು ಮೀನಿನ ಬುಟ್ಟಿಯನ್ನು ಹೊತ್ತು ಪೇಟೆಗೆ ಹೋಗುವಳು, ಇಲ್ಲವೆ ಗದ್ದೆಯ ಕೆಲಸಕ್ಕೆ ಹೋಗುವಳು. ಮನೆಯಲ್ಲಿ ಉಳಿದ ಮಗುವಿಗೆ ಹೊಳೆಯೇ ಜೊತೆ, ಹೊಳೆಯ ಮೇಲೆ ಹೋಗಿಬರುವ ದೋಣಿಗಳೇ ಕಥೆ. ನೀರನ್ನು ನೋಡುತ್ತ ದಿನವನ್ನು ಕಳೆಯುವ ಇಂಥ ಮಕ್ಕಳ ಮನಸ್ಸನ್ನು ಬಲ್ಲ ಕವಿಯೊಬ್ಬರು, ಮಂಜಗುಣಿಯಿಂದ ಬಡಗಲಿಗೆ ಅಂಕೋಲೆಯನ್ನು ದಾಟಿದ ಮೇಲೆ ಸಿಗುವ ಕಾರವಾರದ ಕಡಲತಡಿಯಲ್ಲಿ, ತಮ್ಮ ತಾರುಣ್ಯದ ಕೆಲವು ತಿಂಗಳುಗಳನ್ನು ಕಳೆದಿದ್ದರು. ಅವರೇ ರವೀಂದ್ರನಾಥ ಠಾಕೂರರು. ಗೀತಾಂಜಲಿಯ ಕವಿಯೆಂದೂ, ೧೯೧೩ರಲ್ಲಿ ನೋಬೆಲ್ ಪಾರಿತೋಷಕವನ್ನು ಪಡೆದವರೆಂದೂ, ನಮ್ಮ ರಾಷ್ಟ್ರಗೀತೆಯ ಕರ್ತೃವೆಂದೂ ಅವರನ್ನು ಅರಿಯದವರಿಲ್ಲ. ಆದರೆ ಅವರು ಮಕ್ಕಳಿಗಾಗಿ ಬರೆದವರೆಂಬದೂ, ಅದರಲ್ಲಿಯೂ ಒಂಟಿಯಾದ ಮಕ್ಕಳಿಗಾಗಿ ಬರೆದವರೆಂಬದೂ ನಮ್ಮ ಮನೆಗಳಲ್ಲಿ ಅಷ್ಟಾಗಿ ಪರಿಚಿತವಾಗಿಲ್ಲ.

ಗೆರೆಯೊಳಗಿನ ಬಾಲಕ

ರವೀಂದ್ರರು ೧೮೬೧ನೆಯ ಇಸವಿಯ ಮೇ ೭ರಂದು ಕಲಿಕತ್ತೆಯ ಜೋಡಾಸಾಂಕೋ ಎಂಬಲ್ಲಿಯ ಠಾಕೂರ ಮನೆತನದಲ್ಲಿ ಹುಟ್ಟಿದರು. ತಂದೆ ಮಹರ್ಷಿ ದೇವೇಂದ್ರನಾಥರು, ತಾಯಿ ಶಾರದಾದೇವಿಯವರು. ಮನೆಯೆಂದರೆ ಒಂದು ಸಣ್ಣ ಊರೇ ಸರಿ. ಅಣ್ಣಂದಿರು, ಅಕ್ಕಂದಿರು, ಅತ್ತಿಗೆಯರು, ದಾಯಾದಿಗಳು, ಅತಿಥಿಗಳು, ಸಂಗೀತಗಾರರು, ಆಳುಕಾಳುಗಳು, ಜನರಿಗೆ ಕೊರತೆಯಿರಲಿಲ್ಲ. ಆದರೂ ಇಷ್ಟು ತುಂಬಿದ ಮನೆಯಲ್ಲಿ ಈ ಕಿರಿಯ ಬಾಲಕನು ಒಂಟಿಯಾಗಿಯೇ ಬೆಳೆದನು. ತಂದೆಯವರು ವರ್ಷದ ಬಹುಭಾಗವನ್ನು ಪ್ರವಾಸದಲ್ಲಿ ಕಳೆಯುತ್ತಿದ್ದರು. ಹಲವು ಮಕ್ಕಳನ್ನು ಹೆತ್ತು ಬಳಲಿದ ತಾಯಿಯವರಿಗೆ ಕೊನೆಯ ಕೂಸುಗಳನ್ನು ಮಡಿಲಲ್ಲಿ ಕೂಡ್ರಿಸಿಕೊಳ್ಳುವಷ್ಟು ಶಕ್ತಿಯೂ ಇರಲಿಲ್ಲ, ಅವಕಾಶವೂ ಇರಲಿಲ್ಲ. ಆದಕಾರಣ ಮಕ್ಕಳ ಪಾಲನೆಯು ಸೇವಕರ ಕೈಗೆ ಸೇರಿತು.

ಆ ಸೇವಕರಲ್ಲಿ ಶ್ಯಾಮನೆಂಬವನೊಬ್ಬನಿದ್ದನು. ಮಗುವನ್ನು ನೋಡಿಕೊಳ್ಳುವ ಶ್ರಮವನ್ನು ಉಳಿಸಿಕೊಳ್ಳುವದಕ್ಕಾಗಿ ಅವನೊಂದು ಉಪಾಯವನ್ನು ಕಂಡುಹಿಡಿದಿದ್ದನು. ಬಾಲಕನನ್ನು ಒಂದು ಕಡೆಗೆ ಕೂಡ್ರಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆಯನ್ನು ಕೊರೆದು, ಇದನ್ನು ದಾಟಿದರೆ ಮಹಾವಿಪತ್ತು ಬರುವದೆಂದು ಬೆರಳೆತ್ತಿ ಹೆದರಿಸಿ ಹೊರಟುಹೋಗುತ್ತಿದ್ದನು. ಸೀತಾದೇವಿಯು ಗೆರೆಯನ್ನು ದಾಟಿ ಪಟ್ಟ ಕಷ್ಟವನ್ನು ರಾಮಾಯಣದಿಂದ ಅರಿತಿದ್ದ ಬಾಲಕನು ಆ ಮಾತನ್ನು ನಂಬಿ ಅಲ್ಲಿಯೇ ಕುಳಿತಿರುತ್ತಿದ್ದನು. ಅದೃಷ್ಟವಶಾತ್ ಆ ಸ್ಥಳದ ಬಳಿಯಲ್ಲಿಯೇ ಒಂದು ಕಿಟಕಿಯಿತ್ತು. ಕಿಟಕಿಯ ಕೆಳಗೆ ಮೆಟ್ಟಿಲುಗಳುಳ್ಳ ಕೊಳ, ಕೊಳದ ದಡದಲ್ಲಿ ದೊಡ್ಡದೊಂದು ಆಲದ ಮರ, ಇನ್ನೊಂದು ಕಡೆಗೆ ತೆಂಗಿನ ಸಾಲು. ನೆರೆಹೊರೆಯವರು ಒಬ್ಬರಾದ ಮೇಲೊಬ್ಬರು ಸ್ನಾನಕ್ಕೆ ಬರುವರು. ಒಬ್ಬೊಬ್ಬರದು ಒಂದೊಂದು ರೀತಿ. ಮಧ್ಯಾಹ್ನವಾದರೆ ಕೊಳವು ನಿರ್ಜನವಾಗಿ ಬಾತುಕೋಳಿಗಳು ಮಾತ್ರ ಉಳಿಯುವವು. ಬಾಲಕನು ಇದೆಲ್ಲವನ್ನೂ ಚಿತ್ರದ ಪುಸ್ತಕವನ್ನು ನೋಡುವಂತೆ ದಿನವಿಡೀ ನೋಡುತ್ತಿದ್ದನು. ೧೯೧೨ರಲ್ಲಿ ಪ್ರಕಟವಾದ ತಮ್ಮ 'ಜೀವನಸ್ಮೃತಿ'ಯಲ್ಲಿ ಕವಿಗಳು ಈ ಸಂಗತಿಗಳನ್ನು ಯಾರ ಮೇಲೆಯೂ ಕೋಪವಿಲ್ಲದೆ ವಿವರಿಸಿರುವರು.

೧೮೭೫ರಲ್ಲಿ ಶಾರದಾದೇವಿಯವರು ತೀರಿಕೊಂಡರು. ರವೀಂದ್ರರಿಗೆ ಆಗ ಹದಿನಾಲ್ಕು ವರ್ಷಗಳೂ ತುಂಬಿರಲಿಲ್ಲ. ತಾಯಿಯಿಲ್ಲದ ಮಕ್ಕಳನ್ನು ಹತ್ತಿರಕ್ಕೆ ಕರೆದುಕೊಂಡು ಉಣಿಸಿ ತಣಿಸಿದವರು ಮನೆಯ ಸೊಸೆ, ಅತ್ತಿಗೆ ಕಾದಂಬರೀದೇವಿಯವರು. ಒಂಟಿಯಾದ ಮಗುವಿಗೆ ಒಬ್ಬರು ಹಿರಿಯರು ಹತ್ತಿರ ಬಂದು ಕುಳಿತರೆ ಎಂಥ ವ್ಯತ್ಯಾಸವಾಗುವದೆಂಬ ಪಾಠವನ್ನು ರವೀಂದ್ರರು ಪುಸ್ತಕದಿಂದ ಕಲಿತವರಲ್ಲ.

ಕಾರವಾರದ ಕಡಲತಡಿಯಲ್ಲಿ

ರವೀಂದ್ರರ ಅಣ್ಣಂದಿರಾದ ಸತ್ಯೇಂದ್ರನಾಥ ಠಾಕೂರರು ಇಂಡಿಯನ್ ಸಿವ್ಹಿಲ್ ಸರ್ವಿಸನ್ನು ಸೇರಿದ ಮೊದಲನೆಯ ಭಾರತೀಯರು. ಮುಂಬಯಿ ಇಲಾಖೆಯಲ್ಲಿ ಕೆಲಸಮಾಡುತ್ತಿದ್ದ ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಕಾಲದಲ್ಲಿ, ೧೮೮೩ರಲ್ಲಿ, ಇಪ್ಪತ್ತೆರಡು ವರ್ಷದ ರವೀಂದ್ರರು ಅಲ್ಲಿಗೆ ಬಂದರು. ಗುಡ್ಡಗಳಿಂದ ಸುತ್ತುವರಿದ ಸಣ್ಣ ಬಂದರ, ಅರ್ಧಚಂದ್ರಾಕಾರದ ಮರಳುದಂಡೆ, ದಂಡೆಯುದ್ದಕ್ಕೂ ಗಾಳಿಯಲ್ಲಿ ಮರ್ಮರಿಸುವ ಗಾಳಿಮರಗಳ ತೋಪು. ಇವು ಅವರ ಮನಸ್ಸನ್ನು ಸೆರೆಹಿಡಿದವು. ಒಂದು ಬೆಳುದಿಂಗಳಿರುಳಿನಲ್ಲಿ ಸಣ್ಣ ದೋಣಿಯನ್ನೇರಿ ಕಾಳೀನದಿಯಲ್ಲಿ ಮೇಲಕ್ಕೆ ಸಾಗಿ, ಶಿವಾಜಿಯ ಕಾಲದ ಗುಡ್ಡದ ಕೋಟೆಯನ್ನು ನೋಡಿ, ಒಬ್ಬ ಒಕ್ಕಲಿಗನ ಸಾರಿಸಿದ ಅಂಗಳದಲ್ಲಿ ಕುಳಿತು ಉಂಡು, ಇಳಿತದ ನೀರಿನೊಡನೆ ತಿರುಗಿ ಬಂದದ್ದನ್ನು ಅವರು 'ಜೀವನಸ್ಮೃತಿ'ಯಲ್ಲಿ ಮರೆಯದೆ ನೆನೆದಿರುವರು. ಇಂದು ಕಾರವಾರದ ಆ ಕಡಲತಡಿಯು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿರುವದು.

ಇಲ್ಲಿ ಅವರು ಬರೆದ ನಾಟಕವೇ 'ಪ್ರಕೃತಿರ ಪ್ರತಿಶೋಧ', ಎಂದರೆ ಪ್ರಕೃತಿಯು ತೀರಿಸಿಕೊಂಡ ಸೇಡು. ಅದರ ಕೆಲವು ಹಾಡುಗಳನ್ನು ಕಾರವಾರದಿಂದ ತಿರುಗಿ ಹೋಗುವಾಗ ಹಡಗಿನಲ್ಲಿಯೇ ರಚಿಸಿದರು; ೧೮೮೪ರಲ್ಲಿ ಪುಸ್ತಕವು ಹೊರಬಂದಿತು. ಕಥಾವಸ್ತುವು ಸರಳವಾದದ್ದು. ಗುಹೆಯಲ್ಲಿ ತಪಸ್ಸುಮಾಡಿ ಸಕಲ ಮಮತೆಗಳನ್ನೂ ಗೆದ್ದೆನೆಂದು ತಿಳಿದ ಸಂನ್ಯಾಸಿಯೊಬ್ಬನು ಊರಿಗೆ ಇಳಿದುಬರುವನು. ಅಲ್ಲಿ ತಂದೆತಾಯಿಗಳಿಲ್ಲದ, ಜನರೆಲ್ಲರೂ ಮುಟ್ಟಲೊಲ್ಲೆವೆಂದು ದೂರಮಾಡಿದ ಬಾಲಿಕೆಯೊಬ್ಬಳು ಅವನನ್ನು ತಂದೆಯೆಂದು ನಂಬಿ ಬೆನ್ನುಹತ್ತುವಳು. ಸಂನ್ಯಾಸಿಗೆ ಮೈಲಿಗೆಯ ಭಯವಿಲ್ಲ. ಆದರೆ ಅವಳ ಮೇಲೆ ತನ್ನ ಹೃದಯದಲ್ಲಿ ಮೊಳೆಯುತ್ತಿರುವ ಪ್ರೀತಿಯ ಭಯವುಂಟು. ತಾನು ಕಟ್ಟಿಬೀಳುವೆನೆಂದು ಹೆದರಿ ಅವನು ಅವಳನ್ನು ಬಿಟ್ಟು ಓಡಿಹೋಗುವನು. ದೂರ ಹೋದ ಮೇಲೆ ಆ ಮುಖವು ಮರೆಯದಾಗಿ, ದಂಡಕಮಂಡಲಗಳನ್ನು ಎಸೆದು ತಿರುಗಿ ಬರುವನು. ಅಷ್ಟರಲ್ಲಿ ಬಾಲಿಕೆಯು ತೀರಿಹೋಗಿರುವಳು.

ಸೀಮೆಯಲ್ಲಿಯೇ ಅಸೀಮವನ್ನು ಕಾಣುವ ಆನಂದವು ತಮ್ಮ ಎಲ್ಲ ಕೃತಿಗಳ ವಿಷಯವೆಂದೂ, ಆ ಎಲ್ಲ ಕೃತಿಗಳಿಗೆ ಈ ನಾಟಕವು ಪೀಠಿಕೆಯಂತೆ ಇರುವದೆಂದೂ ಕವಿಗಳು ಮುಂದೆ ಹೇಳಿರುವರು. ತತ್ವಜ್ಞಾನಿಗಳು ಅದನ್ನು ಆ ರೀತಿಯಿಂದ ಓದಲಿ. ಗೃಹಸ್ಥರಾದ ನಾವು ಮತ್ತೊಂದು ರೀತಿಯಿಂದಲೂ ಓದಬಹುದು. ಒಂಟಿಯಾದ ಮಗುವೊಂದು ಕೈಚಾಚಿತು. ಹಿರಿಯನು ತನ್ನ ದೊಡ್ಡ ಕಾರ್ಯದ ನೆವದಿಂದ ಕೈಬಿಟ್ಟನು. ತಪ್ಪು ತಿಳಿದು ಬಂದಾಗ ಹೊತ್ತು ಮೀರಿತ್ತು. ನಮ್ಮ ಕಡಲತಡಿಯಲ್ಲಿ ಎದ್ದ ಈ ಪ್ರಶ್ನೆಯು ಕವಿಗಳನ್ನು ಆಮೇಲೆ ಬಿಡಲೇ ಇಲ್ಲ. ಹಿರಿಯನು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಏನಾಗುತ್ತಿತ್ತು?

ತಡವಾಗಿ ಬಂದವರು

ಕಾರವಾರದಿಂದ ಹಿಂದಿರುಗಿದ ಕೆಲವು ಕಾಲದಲ್ಲಿಯೇ, ೧೮೮೩ರ ಡಿಸೆಂಬರದಲ್ಲಿ, ರವೀಂದ್ರರ ವಿವಾಹವು ಮೃಣಾಲಿನೀದೇವಿಯವರೊಡನೆ ನಡೆಯಿತು. ೧೮೮೫ರಲ್ಲಿ ಸತ್ಯೇಂದ್ರನಾಥರ ಪತ್ನಿಯವರಾದ ಜ್ಞಾನದಾನಂದಿನೀದೇವಿಯವರು 'ಬಾಲಕ'ವೆಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಒಂದೇ ವರ್ಷ ನಡೆಯಿತಾದರೂ, ಅದರ ಪುಟಗಳನ್ನು ತುಂಬಿಸುವ ಭಾರವು ಬಹುಮಟ್ಟಿಗೆ ಮೈದುನರ ಮೇಲೆಯೇ ಬಿದ್ದಿತ್ತು. ಮಕ್ಕಳಿಗಾಗಿ ಬರೆಯುವ ಅಭ್ಯಾಸವು ಅವರಿಗೆ ಹೀಗೆ ಮನೆಯೊಳಗಿಂದಲೇ ಬಂದಿತು.

೧೮೯೧ರಿಂದ ಮುಂದೆ ಅವರು ಪೂರ್ವಬಂಗಾಲದ ಹೊಳೆಗಳ ಮೇಲೆ ದೋಣಿಮನೆಯಲ್ಲಿ ವಾಸಮಾಡುತ್ತ ಮನೆತನದ ಜಮೀನನ್ನು ನೋಡಿಕೊಳ್ಳುತ್ತಿದ್ದಾಗ ಬರೆದ ಸಣ್ಣ ಕಥೆಗಳಲ್ಲಿ ಒಂಟಿ ಮಕ್ಕಳು ಮತ್ತೆ ಮತ್ತೆ ಕಾಣಿಸಿಕೊಳ್ಳುವರು. 'ಪೋಸ್ಟಮಾಸ್ಟರ' ಎಂಬ ಕಥೆಯಲ್ಲಿ ರತನಳೆಂಬ ಅನಾಥ ಬಾಲಿಕೆಯು ಹಳ್ಳಿಗೆ ಬಂದ ಅಂಚೆಯ ಅಧಿಕಾರಿಯ ಮನೆಗೆಲಸವನ್ನು ಮಾಡುವಳು. ಬೇಸರ ಕಳೆಯಲೆಂದು ಅವನು ಅವಳಿಗೆ ಅಕ್ಷರಗಳನ್ನು ಕಲಿಸುವನು. ಜ್ವರ ಬಂದಾಗ ಅವಳು ಅವನನ್ನು ತಾಯಿಯಂತೆ ಆರೈಕೆಮಾಡುವಳು. ಅವನು ಕೆಲಸವನ್ನು ಬಿಟ್ಟು ಹೊರಡುವಾಗ, ನನ್ನನ್ನೂ ಕರೆದುಕೊಂಡು ಹೋಗುವಿರಾ ಎಂದು ಕೇಳುವಳು. ಅವನು ನಕ್ಕುಬಿಡುವನು. ದೋಣಿಯು ನಡುಹೊಳೆಗೆ ಬಂದ ಮೇಲೆ ತಿರುಗಿ ಹೋಗೋಣವೇ ಎಂದು ಅವನ ಮನಸ್ಸು ಮಿಡುಕುವದು. ಆದರೆ ಹಾಯಿಯಲ್ಲಿ ಗಾಳಿ ತುಂಬಿರುವದು.

'ಛುಟಿ' ಎಂಬ ಕಥೆಯ ಫಟಿಕನು ಹಳ್ಳಿಯ ತುಂಟ ಹುಡುಗ. ಮಾವನ ಮನೆಯಲ್ಲಿ ಓದಲೆಂದು ಕಲಿಕತ್ತೆಗೆ ಹೋದ ಅವನು ಅಲ್ಲಿ ಯಾರಿಗೂ ಬೇಡಾಗುವನು. ಹದಿಮೂರು ಹದಿನಾಲ್ಕರ ಹುಡುಗರು ಚಿಕ್ಕವರಂತೆ ಮುದ್ದಿಗೂ ಬಾರರು, ದೊಡ್ಡವರಂತೆ ಉಪಯೋಗಕ್ಕೂ ಬಾರರು. ಆ ವಯಸ್ಸಿನ ಸಂಕಟವನ್ನು ಕವಿಗಳು ಬಿಡಿಸಿ ತೋರಿಸಿರುವ ರೀತಿಯನ್ನು ಗಂಡುಮಕ್ಕಳಿರುವ ಪ್ರತಿಯೊಬ್ಬ ತಾಯಿಯೂ ಓದತಕ್ಕದ್ದು. ಮನೆಗೆ ಹೋಗಲು ರಜೆಗಾಗಿ ಕಾಯುತ್ತ ಕಾಯುತ್ತ ಫಟಿಕನು ಜ್ವರದಲ್ಲಿ ಬೀಳುವನು. ಸನ್ನಿಯಲ್ಲಿ ಅವನ ಬಾಯಿಂದ ಬರುವವು ಹೊಳೆಯ ಆಳವನ್ನು ಅಳೆಯುತ್ತ ನಾವಿಕರು ಕೂಗುವ ಕೂಗುಗಳು. ತಾಯಿಯು ಓಡಿ ಬರುವಳು. ಆದರೆ ಮಗನ ರಜೆಯು ಬೇರೊಂದು ರೀತಿಯಿಂದ ಆಗಲೇ ಬಂದಿರುವದು. ಅಳಿವೆಯ ದಡದಲ್ಲಿ ಬೆಳೆದು, ದೂರದ ಊರಿನಲ್ಲಿ ಯಾರದೋ ಮನೆಯಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಈ ಕೂಗುಗಳ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹೀಗೆ ಈ ಕಥೆಗಳಲ್ಲಿ ಹಿರಿಯರು ಇಲ್ಲವೆ ಬಿಟ್ಟು ಹೋಗುವರು, ಇಲ್ಲವೆ ತಡವಾಗಿ ಬರುವರು. ಒಂದು ಕಥೆಯಲ್ಲಿ ಮಾತ್ರ ಬೆಳಕು ಕಾಣುವದು. 'ಕಾಬುಲಿವಾಲಾ'ದಲ್ಲಿ ಐದು ವರ್ಷದ ಮಿನಿಯ ಬಾಯಿ ಒಂದು ನಿಮಿಷವೂ ಸುಮ್ಮನಿರುವದಿಲ್ಲ. ತಾಯಿಗೆ ಅದು ಬೇಸರ, ತಂದೆಗೆ ಬರವಣಿಗೆಯ ಕೆಲಸ. ಅವಳ ಮಾತುಗಳನ್ನು ತಾಳ್ಮೆಯಿಂದ ಕೇಳುವವನು, ದ್ರಾಕ್ಷಿ ಬಾದಾಮಿಗಳನ್ನು ಮಾರಲು ಬಂದ ರಹಮತನೆಂಬ ಕಾಬೂಲಿನ ವ್ಯಾಪಾರಿ. ಅವನ ಎದೆಯ ಬಳಿಯಲ್ಲಿ ಮಡಿಸಿದ ಒಂದು ಕಾಗದವಿರುವದು. ಅದರಲ್ಲಿ ದೂರದ ನಾಡಿನಲ್ಲಿ ಬಿಟ್ಟುಬಂದ ಅವನ ಮಗಳ ಪುಟ್ಟ ಕೈಯ ಮಸಿಯ ಗುರುತು. ಮಗುವಿನ ಒಂಟಿತನವನ್ನು ಬೇಗನೆ ಗುರುತಿಸುವವರು ತಾವೂ ಒಂಟಿಯಾದವರೇ ಎಂಬ ಸತ್ಯವನ್ನು ಆ ಕಾಗದದ ತುಂಡು ಹೇಳುವದು.

ತಾಯಿಯಿಲ್ಲದ ಮನೆಯಲ್ಲಿ ತಾಯಿಯ ಪದ್ಯಗಳು

೧೯೦೧ರ ಡಿಸೆಂಬರದಲ್ಲಿ ರವೀಂದ್ರರು ಶಾಂತಿನಿಕೇತನದಲ್ಲಿ ಐದೇ ಮಂದಿ ವಿದ್ಯಾರ್ಥಿಗಳಿಂದ ತಮ್ಮ ಶಾಲೆಯನ್ನು ತೆರೆದರು. ವರ್ಷವು ತುಂಬುವಷ್ಟರಲ್ಲಿ, ೧೯೦೨ರ ನವೆಂಬರ ೨೩ರಂದು, ಮೃಣಾಲಿನೀದೇವಿಯವರು ತೀರಿಕೊಂಡರು. ಎರಡನೆಯ ಮಗಳಾದ ರೇಣುಕೆಗೆ ಕ್ಷಯರೋಗವು ತಗಲಿತ್ತು. ಕೊನೆಯ ಮಗನಾದ ಶಮೀಂದ್ರನಿಗೆ ಆರು ವರ್ಷ. ಮಗಳ ಆರೋಗ್ಯಕ್ಕಾಗಿ ತಂದೆಯು ಅವಳನ್ನು ಹಿಮಾಲಯದ ಆಲ್ಮೋಡಕ್ಕೆ ಕರೆದೊಯ್ದರು. ೧೯೦೩ರಲ್ಲಿ, ಆ ರೋಗಶಯ್ಯೆಯ ಬಳಿಯಲ್ಲಿಯೇ ಅವರು 'ಶಿಶು'ವಿನ ಬಹುಸಂಖ್ಯೆಯ ಪದ್ಯಗಳನ್ನು ರಚಿಸಿದರು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಆ ಪದ್ಯಗಳಲ್ಲಿ ಬಹಳಷ್ಟು ಮಗುವು ತಾಯಿಯೊಡನೆ ಆಡುವ ಮಾತುಗಳು. ಮಗುವು ಸಂಪಿಗೆಯ ಹೂವಾಗಿ ಕೊಂಬೆಯಲ್ಲಿ ಅಡಗಿ ತಾಯಿಯನ್ನು ಕಾಡುವದು. ಕುದುರೆಯೇರಿ ಪಲ್ಲಕ್ಕಿಯ ಜೊತೆಗೆ ಹೋಗಿ ಕಳ್ಳರಿಂದ ತಾಯಿಯನ್ನು ಕಾಪಾಡುವದು. ಕಾಗದದ ದೋಣಿಗಳ ಮೇಲೆ ತನ್ನ ಹೆಸರನ್ನು ಬರೆದು ಹೊಳೆಯಲ್ಲಿ ತೇಲಿಬಿಡುವದು. ಇವನ್ನು ಬರೆಯುವಾಗ ಆ ಮನೆಯಲ್ಲಿ ತಾಯಿಯಿರಲಿಲ್ಲ. ಕೂಗಿದರೆ ಓಗೊಡುವವರಿಲ್ಲದ ಮಕ್ಕಳಿಗಾಗಿ, ತಾಯಿಯು ಪಕ್ಕದ ಕೋಣೆಯಲ್ಲಿಯೇ ಇರುವಳೋ ಎಂಬಂತೆ ತಂದೆಯು ಹಾಡಿದರು. ಆಕೆ ತೀರಿಹೋದಳೆಂದು ಅಳಲೂ ಇಲ್ಲ, ಸ್ವರ್ಗದಲ್ಲಿರುವಳೆಂದು ಬೋಧಿಸಲೂ ಇಲ್ಲ. ತಾಯಿಯೊಡನೆ ಮಾತನಾಡುವ ಹಕ್ಕನ್ನು ಮಕ್ಕಳಿಂದ ಕಸಿದುಕೊಳ್ಳದೆ ಹಾಗೆಯೇ ಉಳಿಸಿಕೊಟ್ಟರು. ಇದಕ್ಕಿಂತ ಹೆಚ್ಚಿನ ಸಾಂತ್ವನವನ್ನು ಯಾವ ತಂದೆಯು ಕೊಡಬಲ್ಲನು?

ರೇಣುಕೆಯು ೧೯೦೩ರ ಸೆಪ್ಟೆಂಬರದಲ್ಲಿ ಕಣ್ಣುಮುಚ್ಚಿದಳು. ಶಮೀಂದ್ರನು ೧೯೦೭ರ ನವೆಂಬರದಲ್ಲಿ, ಹನ್ನೊಂದು ವರ್ಷ ತುಂಬುವ ಮೊದಲೇ, ಮುಂಗೇರದಲ್ಲಿ ಕಾಲರೆಗೆ ತುತ್ತಾದನು. ಆದರೆ ಆ ಪದ್ಯಗಳು ಉಳಿದವು. ಕವಿಗಳೇ ಮಾಡಿದ ಅವುಗಳ ಇಂಗ್ಲಿಷ್ ರೂಪವು ೧೯೧೩ರಲ್ಲಿ, ನಂದಲಾಲ ಬಸು, ಅವನೀಂದ್ರನಾಥ ಠಾಕೂರ ಮೊದಲಾದವರ ಬಣ್ಣದ ಚಿತ್ರಗಳೊಡನೆ 'ಬಾಲಚಂದ್ರ'ವೆಂಬರ್ಥದ ಹೆಸರಿನಿಂದ ಲಂಡನ್ನಿನಲ್ಲಿ ಪ್ರಕಟವಾಯಿತು.

ಕಿಟಕಿ ಮತ್ತು ಅಂಚೆಯ ಮನೆ

ಶಮೀಂದ್ರನು ಹೋದ ನಾಲ್ಕು ವರ್ಷಗಳ ತರುವಾಯ, ೧೯೧೧ರಲ್ಲಿ, 'ಡಾಕಘರ' ಎಂಬ ನಾಟಕವು ಹುಟ್ಟಿತು. ಅಮಲನೆಂಬ ಬಾಲಕನಿಗೆ ಹೊರಗಿನ ಗಾಳಿ ತಾಗಕೂಡದೆಂದು ವೈದ್ಯನು ವಿಧಿಸಿರುವನು. ಸಾಕುತಂದೆಯಾದ ಮಾಧವನು ಪ್ರೀತಿಯುಳ್ಳವನೇ. ಆದರೆ ಪ್ರೀತಿಯೆಂದರೆ ಬಾಗಿಲು ಮುಚ್ಚುವದೆಂದು ತಿಳಿದಿರುವನು. ಅಮಲನು ಕಿಟಕಿಯ ಬಳಿಯಲ್ಲಿ ಕುಳಿತು ದಾರಿಯಲ್ಲಿ ಹೋಗುವವರನ್ನು ಮಾತನಾಡಿಸುವನು. ಮೊಸರು ಮಾರುವವನ ಕೂಗನ್ನು ತಾನೂ ಕಲಿಯಬಯಸುವನು. ಗಂಟೆ ಬಾರಿಸುವ ಕಾವಲುಗಾರನನ್ನು ಕಾಲವು ಎಲ್ಲಿಗೆ ಹೋಗುವದೆಂದು ಕೇಳುವನು. ಹೂವಾಡಗಿತ್ತಿಯ ಮಗಳಾದ ಸುಧೆಯೊಡನೆ ಸ್ನೇಹ ಬೆಳೆಸುವನು. ಎದುರಿಗೆ ರಾಜನ ಹೊಸ ಅಂಚೆಯ ಮನೆಯು ತೆರೆದಿರುವದರಿಂದ ತನಗೂ ರಾಜನಿಂದ ಪತ್ರವು ಬರುವದೆಂದು ಕಾಯುವನು. ಶ್ಯಾಮನ ಗೆರೆಯೊಳಗೆ ಕುಳಿತ ಬಾಲಕನೇ ಹಲವು ದಶಕಗಳ ತರುವಾಯ ಇಲ್ಲಿ ಅಮಲನಾಗಿ ಬಂದಿರುವನೆಂಬದನ್ನು ಬೇರೆ ಹೇಳಬೇಕೆ?

ಆದರೆ ಈ ಸಲ ಹಿರಿಯನೊಬ್ಬನು ಹೊತ್ತಿಗೆ ಸರಿಯಾಗಿ ಬರುವನು. ಅವನೇ ಠಾಕುರದಾ, ಎಂದರೆ ಅಜ್ಜ. ಫಕೀರನ ವೇಷದಿಂದ ಒಳಗೆ ಬಂದು, ತಾನು ಕಂಡ ಪಕ್ಷಿಗಳ ದ್ವೀಪದ ಕಥೆಯನ್ನು ಅಮಲನಿಗೆ ಹೇಳುವನು. ಊರ ಮುಖಂಡನು ಹಾಸ್ಯಕ್ಕಾಗಿ ಬರಿಯ ಕಾಗದವನ್ನು ಕೊಟ್ಟು, ಇದೇ ರಾಜನ ಪತ್ರವೆಂದಾಗ, ಅಜ್ಜನು ಅದನ್ನು ಕೈಗೆತ್ತಿಕೊಂಡು ನಿಜವಾದ ಪತ್ರವೆಂದೇ ಗೌರವದಿಂದ ಓದುವನು. ಮಗುವಿನ ನಿರೀಕ್ಷೆಯು ಹಾಸ್ಯಕ್ಕೆ ತಕ್ಕ ವಸ್ತುವಲ್ಲವೆಂಬದು ಅವನ ನಿಲುವು. ಕೊನೆಗೆ ರಾಜವೈದ್ಯನು ಬಂದು ಬಾಗಿಲು ಕಿಟಕಿಗಳೆಲ್ಲವನ್ನೂ ತೆರೆಯಿಸುವನು. ನಕ್ಷತ್ರಗಳ ಬೆಳಕಿನಲ್ಲಿ ಅಮಲನು ನಿದ್ರಿಸುವನು. ಸುಧೆಯು ಹೂಗಳನ್ನು ತಂದು, ತಾನು ಅವನನ್ನು ಮರೆತಿಲ್ಲವೆಂಬ ಮಾತನ್ನು ಅವನ ಕಿವಿಗೆ ಹೇಳಬೇಕೆಂದು ವೈದ್ಯನನ್ನು ಬೇಡಿಕೊಳ್ಳುವಳು. ಸಾವನ್ನು ತಡೆಯುವ ಶಕ್ತಿಯು ಕವಿಗಳಲ್ಲಿಲ್ಲ. ಆದರೆ ಕಾರವಾರದ ನಾಟಕದ ಬಾಲಿಕೆಯಂತೆ ಅಮಲನು ತೊರೆಯಲ್ಪಟ್ಟು ಹೋಗುವದಿಲ್ಲ. ೧೯೧೭ರಲ್ಲಿ ಜೋಡಾಸಾಂಕೋದ ಮನೆಯಲ್ಲಿ ಈ ನಾಟಕವು ನಡೆದಾಗ ಠಾಕುರದಾನ ಪಾತ್ರವನ್ನು ರವೀಂದ್ರರೇ ಧರಿಸಿದ್ದರು. ಪ್ರೇಕ್ಷಕರಲ್ಲಿ ಗಾಂಧೀಜಿಯವರೂ ಇದ್ದರು.

ಈ ನಾಟಕದ ಸಾಂತ್ವನವು ಎಷ್ಟು ದೂರ ಮುಟ್ಟಿತೆಂಬದಕ್ಕೆ ಒಂದು ಉದಾಹರಣೆಯನ್ನು ಕೊಡುವೆವು. ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ ಯಾನುಷ್ ಕೊರ್ಚಾಕ್ ಎಂಬ ಯೆಹೂದಿ ವೈದ್ಯರು ಅನಾಥಾಲಯವೊಂದನ್ನು ನಡೆಸುತ್ತಿದ್ದರು. ಅವರೂ ಮಕ್ಕಳಿಗಾಗಿ ಕಥೆಗಳನ್ನು ಬರೆದವರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ನಾಝಿಗಳು ಯೆಹೂದಿಗಳೆಲ್ಲರನ್ನೂ ಗೋಡೆಕಟ್ಟಿದ ಕೇರಿಯೊಂದರಲ್ಲಿ ಸೆರೆಯಿಟ್ಟಾಗ, ೧೯೪೨ರ ಜುಲೈ ೧೮ರಂದು, ಆ ಅನಾಥಾಲಯದ ಮಕ್ಕಳು 'ಡಾಕಘರ'ವನ್ನು ಅಭಿನಯಿಸಿದರು. ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಸುಮಾರು ೨೦೦ ಮಕ್ಕಳನ್ನು ಟ್ರೆಬ್ಲಿಂಕಾ ಎಂಬ ಕೊಲೆಯ ಶಿಬಿರಕ್ಕೆ ಸಾಗಿಸಲಾಯಿತು. ಬಿಟ್ಟು ಉಳಿಯಲು ಅವಕಾಶವಿದ್ದರೂ ಕೊರ್ಚಾಕರು ಮಕ್ಕಳ ಕೈಬಿಡದೆ ಅವರೊಡನೆಯೇ ಹೋದರು. ರವೀಂದ್ರರು ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಅವರು ಬರೆದ ಅಜ್ಜನ ಪಾತ್ರವನ್ನು, ತಾವೆಂದೂ ಕಾಣದ ಮಹಾನುಭಾವರೊಬ್ಬರು ಬದುಕಿನಲ್ಲಿಯೇ ನಡೆಸಿ ತೋರಿಸಿದರು.

ಗೀಟುಗಳಿಂದ ಹುಟ್ಟಿದ ಚಿತ್ರಗಳು

ರವೀಂದ್ರರು ಚಿತ್ರಕಲೆಯ ಶಿಕ್ಷಣವನ್ನು ಕ್ರಮವಾಗಿ ಪಡೆದವರಲ್ಲ. ಅರುವತ್ತು ದಾಟಿದ ಮೇಲೆ ಅವರ ಚಿತ್ರಗಳು ಹುಟ್ಟಿದ್ದು ವಿಚಿತ್ರವಾದ ರೀತಿಯಿಂದ. ಪದ್ಯಗಳನ್ನು ಬರೆಯುವಾಗ ಬೇಡವಾದ ಮಾತುಗಳನ್ನು ಗೀಟು ಹಾಕಿ ಅಳಿಸುತ್ತಿದ್ದರಷ್ಟೆ. ಹಾಳೆಯ ಮೇಲೆ ಅಲ್ಲಲ್ಲಿ ಒಂಟಿಯಾಗಿ ಬಿದ್ದ ಆ ಗೀಟುಗಳನ್ನು ಕಂಡರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಅವು ಗತಿಗಾಣದೆ ಮೊರೆಯಿಡುವಂತೆ ತೋರುತ್ತಿದ್ದವು. ಒಂದನ್ನೊಂದಕ್ಕೆ ಗೆರೆಗಳಿಂದ ಕೂಡಿಸುತ್ತ ಹೋದಂತೆ ಹಕ್ಕಿಯೋ ಮೃಗವೋ ಮುಖವೋ ಮೂಡುತ್ತಿತ್ತು. ೧೯೨೪ರಲ್ಲಿ ದಕ್ಷಿಣ ಅಮೇರಿಕೆಯ ಅರ್ಜೆಂಟೀನಾದಲ್ಲಿ ಅಸ್ವಸ್ಥರಾಗಿ ನಿಂತಿದ್ದಾಗ, 'ಪೂರಬೀ' ಎಂಬ ಕವನಸಂಗ್ರಹದ ಹಸ್ತಪ್ರತಿಯಲ್ಲಿ ಇಂಥ ಆಕೃತಿಗಳು ಹೇರಳವಾಗಿ ಬೆಳೆದವು. ೧೯೩೦ರ ಮೇ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಅವರ ಚಿತ್ರಗಳ ಮೊದಲನೆಯ ಪ್ರದರ್ಶನವಾಯಿತು. ಬದುಕಿನ ಕೊನೆಯವರೆಗೆ ಅವರು ಬರೆದ ಚಿತ್ರಗಳು ೨೦೦೦ಕ್ಕೂ ಮಿಕ್ಕಿರುವವು.

ಈ ಕುಂಚವು ಮಕ್ಕಳ ಪುಸ್ತಕಕ್ಕೆ ಇಳಿದುಬಂದದ್ದು ೧೯೩೭ರಲ್ಲಿ. ಆ ವರ್ಷ 'ಖಾಪಛಾಡಾ' ಎಂಬ ಅಸಂಬದ್ಧ ಪದ್ಯಗಳ ಪುಸ್ತಕವೂ, 'ಸೇ' ಎಂಬ ಗದ್ಯದ ಪುಸ್ತಕವೂ ಅವರದೇ ಚಿತ್ರಗಳೊಡನೆ ಹೊರಬಂದವು. 'ಸೇ' ಎಂದರೆ ಬಂಗಾಲಿಯಲ್ಲಿ 'ಅವನು' ಎಂದಷ್ಟೇ ಅರ್ಥ. ಮಗ ರಥೀಂದ್ರನಾಥರೂ ಸೊಸೆ ಪ್ರತಿಮಾದೇವಿಯವರೂ ದತ್ತು ತೆಗೆದುಕೊಂಡ ನಂದಿನಿಗೆ ಮನೆಯಲ್ಲಿ ಪುಪೆಯೆಂದು ಹೆಸರು. 'ಒಬ್ಬ ರಾಜನಿದ್ದನು' ಎಂದು ಆರಂಭವಾಗುವ ಕಥೆಗಳನ್ನು ಬಿಟ್ಟು, ಅಜ್ಜ ಮೊಮ್ಮಗಳು ಕೂಡಿ ಬರಿಯ ಮಾತಿನಿಂದ ಒಬ್ಬ ಮನುಷ್ಯನನ್ನು ಸೃಷ್ಟಿಸುವರು. ಅವನಿಗೆ ಹೆಸರಿಲ್ಲ, 'ಅವನು' ಅಷ್ಟೇ. ಮನುಷ್ಯನಾಗಬೇಕೆಂದು ಬಯಸಿ ಬಾಲವನ್ನು ಕಳೆದುಕೊಂಡ ನರಿಯ ಕಥೆ, ಮೈಮೇಲಿನ ಕಪ್ಪು ಪಟ್ಟೆಗಳನ್ನು ತೊಳೆಯಲು ಸಾಬೂನನ್ನು ಬೇಡಿದ ಹುಲಿಯ ಕಥೆ, ಇಂಥವು ಒಂದರಿಂದೊಂದು ಹುಟ್ಟುತ್ತ ಹೋಗುವವು. ಮಗುವು ಆಕ್ಷೇಪವನ್ನೆತ್ತಿದರೆ ಅಜ್ಜನು ಕಥೆಯನ್ನು ತಿರುಗಿಸುವನು. ಚಿತ್ರಗಳೂ ಹಾಗೆಯೇ, ಅಂದಚಂದವಾದ ಗೊಂಬೆಗಳಲ್ಲ, ಮೂಗು ಬಾಯಿ ನೆಟ್ಟಗಿಲ್ಲದ ತಮಾಷೆಯ ಜನ. ಕಥೆಯನ್ನು ಕೇಳುವ ಮಗುವು ಇಲ್ಲಿ ಶ್ರೋತೃವಾಗಿ ಉಳಿಯದೆ ಕರ್ತೃವಾಗುವದು. ಅಜ್ಜನ ವಯಸ್ಸು ಆಗ ಎಪ್ಪತ್ತಾರು. ಪುಸ್ತಕದ ಕೊನೆಯಲ್ಲಿ ಪುಪೆಯು ಬೆಳೆದು ದೊಡ್ಡವಳಾಗುವಳು, ಆಟವು ಮುಗಿಯುವದು. ಅಲ್ಲಿ ಒಂಟಿಯಾಗಿ ಉಳಿಯುವವನು ಅಜ್ಜನೇ.

೧೯೪೦ರಲ್ಲಿ ತಮ್ಮ ಬಾಲ್ಯವನ್ನು 'ಛೇಲೇಬೇಲಾ' ಎಂಬ ಪುಸ್ತಕದಲ್ಲಿ ಮಕ್ಕಳಿಗಾಗಿಯೇ ಮತ್ತೊಮ್ಮೆ ಹೇಳಿ, ೧೯೪೧ರಲ್ಲಿ 'ಗಲ್ಪಸಲ್ಪ'ವೆಂಬ ಮಕ್ಕಳ ಕಥೆಗಳನ್ನು ಪ್ರಕಟಿಸಿ, ಆ ವರ್ಷದ ಆಗಸ್ಟ್ ೭ರಂದು ಅವರು ಹುಟ್ಟಿದ ಮನೆಯಲ್ಲಿಯೇ ಕಣ್ಣುಮುಚ್ಚಿದರು.

ಗೃಹಸ್ಥರಲ್ಲಿ ಒಂದು ವಿಜ್ಞಾಪನೆ

ಇಷ್ಟನ್ನೆಲ್ಲ ಹೇಳಿದ ಉದ್ದೇಶವು ಮಹಾಪುರುಷರ ಚರಿತ್ರೆಯನ್ನು ಕೊಂಡಾಡುವದಷ್ಟೇ ಅಲ್ಲ. ನಮ್ಮ ನಾಡಿನಲ್ಲಿಯೂ ಮಕ್ಕಳಿಗಾಗಿ ಹಾಡಿದ ಹಿರಿಯರಿಗೆ ಕೊರತೆಯಿಲ್ಲ. ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರು (೧೮೭೪-೧೯೩೭) ಹಾವು ಇಲಿ ಕರಡಿಗಳನ್ನೆಲ್ಲ ಮಕ್ಕಳ ಗೆಳೆಯರನ್ನಾಗಿ ಮಾಡಿದರು. ಅಂಕೋಲೆಯ ಸೀಮೆಯವರೇ ಆದ ದಿನಕರ ದೇಸಾಯಿಯವರು (೧೯೦೯-೧೯೮೨) ಚುಟುಕಗಳಿಗೆ ಹೆಸರಾದಂತೆ ಮಕ್ಕಳಿಗಾಗಿಯೂ ಪದ್ಯಗಳನ್ನು ಬರೆದರು. ಕಾಗಕ್ಕ ಗುಬ್ಬಕ್ಕಂದಿರ ಕಥೆಯನ್ನು ಹೇಳದ ಕನ್ನಡದ ಅಜ್ಜಿಯೇ ಇಲ್ಲ. ಕಥೆಗಳಿರುವವು, ಹೇಳುವವರು ಪಕ್ಕದಲ್ಲಿ ಕುಳಿತಿರುವರೇ ಎಂಬದೇ ಈಗಿನ ಪ್ರಶ್ನೆ.

ಇಂದಿನ ಮನೆಗಳಲ್ಲಿ ಮಕ್ಕಳ ಸಂಖ್ಯೆಯು ಕಡಿಮೆಯಾಗಿದೆ, ತಂದೆತಾಯಿಗಳಿಬ್ಬರೂ ದುಡಿಯಬೇಕಾಗಿದೆ, ಅಜ್ಜ ಅಜ್ಜಿಯರು ಬೇರೆ ಊರಿನಲ್ಲಿರುವರು. ಮಗುವು ಬೇಸರವೆಂದರೆ ಅದರ ಕೈಯಲ್ಲಿ ಮೊಬೈಲನ್ನು ಇಟ್ಟು ನಾವು ನಮ್ಮ ಕೆಲಸಕ್ಕೆ ಹೋಗುವೆವು. ಶ್ಯಾಮನು ಸೀಮೆಸುಣ್ಣದಿಂದ ಗೆರೆಯನ್ನು ಕೊರೆಯುತ್ತಿದ್ದನು. ನಾವು ಬೆಳಕಿನಿಂದ ಕೊರೆಯುತ್ತಿರುವೆವು. ಶ್ಯಾಮನ ಗೆರೆಯ ಬಳಿಯಲ್ಲಿ ಕಿಟಕಿಯಾದರೂ ಇತ್ತು. ಕೊಳವೂ ಆಲದ ಮರವೂ ಸ್ನಾನಕ್ಕೆ ಬರುವ ಜನರೂ ಆ ಬಾಲಕನಿಗೆ ತಾನೇ ಕಥೆ ಕಟ್ಟಿಕೊಳ್ಳುವ ಅವಕಾಶವನ್ನು ಕೊಟ್ಟಿದ್ದರು.

ಮಗುವಿಗೆ ಯಾವಾಗಲೂ ಜನರ ಗದ್ದಲವೇ ಇರಬೇಕೆಂದು ನಾವು ಹೇಳುವದಿಲ್ಲ. ಕಿಟಕಿಯ ಬಳಿಯ ಒಂಟಿತನವೇ ರವೀಂದ್ರರಿಗೆ ಕಣ್ಣುಗಳನ್ನು ಕೊಟ್ಟಿತು. ಆದರೆ ದಿನದಲ್ಲಿ ಒಂದು ಹೊತ್ತಾದರೂ ಹಿರಿಯರೊಬ್ಬರು ಬಂದು, ಇಂದು ಏನೇನು ಕಂಡೆ ಎಂದು ಕೇಳಬೇಕು. ಕೇಳಿದ ಮೇಲೆ ಉತ್ತರವು ಮುಗಿಯುವವರೆಗೆ ಕುಳಿತಿರಬೇಕು. ಕಥೆಗೆ ನೀತಿಯ ಬಾಲವನ್ನು ಕಟ್ಟುವ ಅವಸರ ಬೇಡ. ಹುಲಿಗೆ ಸಾಬೂನು ಬೇಕಾದರೆ ಬೇಕಾಗಲಿ. ಚಿತ್ರವನ್ನು ಬರೆಯಲು ಬಾರದೆಂಬ ನೆವವೂ ಬೇಡ, ಗೀಟುಗಳಿಂದಲೇ ಹಕ್ಕಿಗಳಾಗುವವು. ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಮಗುವು ಮನೆಯಲ್ಲಿದ್ದರೆ, ಆ ಹೆಸರನ್ನು ಎತ್ತದೆ ಮುಚ್ಚಿಡುವದು ದಯೆಯಲ್ಲ. ಅದು ಮಾತನಾಡಬಯಸಿದಾಗ ಕೇಳುವದು ದಯೆ.

ಕಾರವಾರದ ನಾಟಕದ ಸಂನ್ಯಾಸಿಯು ಕೆಟ್ಟವನಾಗಿರಲಿಲ್ಲ. ಅವನಿಗೆ ತನ್ನ ಕಾರ್ಯವು ದೊಡ್ಡದೆಂದು ತೋರಿತ್ತು, ಅಷ್ಟೇ. ನಮ್ಮ ಕಾರ್ಯಗಳೂ ನಮಗೆ ದೊಡ್ಡವೇ. ಆದರೂ ಅವು ನಾಳೆಯವರೆಗೆ ಕಾಯಬಲ್ಲವು. ಮಗುವಿನ ಬಾಲ್ಯವು ಕಾಯಲಾರದು. ಈ ಪತ್ರಿಕೆಯನ್ನು ಓದಿ ಕೆಳಗಿಟ್ಟ ಮೇಲೆ, ನಮ್ಮ ವಾಚಕರು ತಮ್ಮ ಮನೆಯ ಅತ್ಯಂತ ಶಾಂತವಾದ ಮಗುವಿನ ಬಳಿಗೆ ಹೋಗಿ ಕುಳಿತುಕೊಳ್ಳುವರೆಂದು ನಂಬಿರುವೆವು.